ಸಬರ್ ಗುಲ್‌ನ ಅಶ್ರಫಿ

ನಾನು ಕದ್ದವನಲ್ಲ. ಕದ್ದಿದ್ದರೆ ಎಷ್ಟೋ ವಾಸಿಯಿತ್ತು. ಕಳ್ಳನಿಗೆ ಕದ್ದ ಮಾಲಾದರೂ ದಕ್ಕುತ್ತದೆ, ಬಯ್ಯುವವರಿಗೂ ಬಯ್ಯಲು ಒಂದು ಹೆಸರು ಸಿಗುತ್ತದೆ. ನಾನು ಮಾಡಿದ ಕೆಲಸಕ್ಕೆ ಕಂದಹಾರದ ಅಕ್ಕಸಾಲಿಗರ ಓಣಿಯಲ್ಲಿ ಹೆಸರೇ ಇಲ್ಲ. ಒಬ್ಬ ಬಡ ತೋಟಗಾರನ ಮನೆಯ ಅಪ್ಪಟ ಚಿನ್ನವನ್ನು ಹಿತ್ತಾಳೆ ಎಂದೆ. ಎಂದವನು ಬರ್ಯಾಲೈ ಉಸ್ತಾದ, ಅಂದರೆ ನಾನು. ಹಾಗಾಗಿ ಊರು ನಂಬಿತು.

ಈಗ ಹೇಳುವಾಗಲೂ ಮುಖ ಬಿಸಿಯಾಗುತ್ತದೆ. ಆಗಲಿ, ಆಗಬೇಕಾದದ್ದೇ.

ಜಾಹಿರ್ ಶಾಹ್ ಕಾಬೂಲಿನ ಗಾದಿಯ ಮೇಲಿದ್ದ ಕಾಲ. ಓಣಿಯಲ್ಲಿ ಇಪ್ಪತ್ತು ಅಂಗಡಿಗಳಿದ್ದರೂ ಹಳೆಯ ನಾಣ್ಯದ ಕೆಲಸವೆಂದರೆ ಜನ ನನ್ನ ಹತ್ತಿರವೇ ಬರುತ್ತಿದ್ದರು. ಹಿಂದೆ ಆಳಿದ ದುರಾನಿ ದೊರೆಗಳ ಚಿನ್ನದ ನಾಣ್ಯ ಅಶ್ರಫಿ ಎಂದರೆ ನಮ್ಮಲ್ಲಿ ಬರೀ ಚಿನ್ನವಲ್ಲ. ನಮ್ಮ ಊರಿನ ಟಂಕಸಾಲೆಯಲ್ಲೇ ಅಚ್ಚು ಬಿದ್ದದ್ದು, ನಮ್ಮ ದೊರೆಯ ಹೆಸರು ಹೊತ್ತದ್ದು. ಅಂಥದ್ದು ಒಂದೇ ಒಂದು ಇದ್ದರೂ ಸಾಕು, ಆ ಮನೆಯ ಹೆಣ್ಣು ಅದನ್ನು ಹಣೆಯ ಮೇಲೆ ಇಳಿಬಿಟ್ಟುಕೊಂಡು ಮದುವೆಮನೆಗೆ ಬಂದರೆ ಉಳಿದ ಹೆಂಗಸರು ಸರಿದು ಜಾಗ ಕೊಡುತ್ತಾರೆ. ಅದಕ್ಕೆ ಕೊಂಡಿ ಕೂರಿಸುವ ಕೆಲಸ ನಮ್ಮ ಮನೆತನದ್ದು. ‘ಬರ್ಯಾಲೈ ಕತ್ತಲಲ್ಲೂ ಚಿನ್ನ ಓದುತ್ತಾನೆ’ ಎನ್ನುತ್ತಿದ್ದರು. ಆ ಮಾತನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಕೂರುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು.

ನಿಜವೇನೆಂದರೆ ಬೆಳಕಿನಲ್ಲೇ ನನಗೆ ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ ಹಾಲು ಚೆಲ್ಲಿದ ಹಾಗೆ ಮಂಜು ಕವಿದಿತ್ತು. ಗಿರಾಕಿಗಳನ್ನು ದನಿಯಿಂದ, ಕೆಮ್ಮಿನಿಂದ, ಚಪ್ಪಲಿಯ ಸಪ್ಪಳದಿಂದ ಗುರುತಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಹೆಂಡತಿ ತೋರ್ಪೆಕೈಗೂ ಇಲ್ಲ. ಕನ್ನಡಕ ಹಾಕಿದ ಅಕ್ಕಸಾಲಿಗ ಹಲ್ಲುದುರಿದ ನಾಯಿ ಎಂದು ನನ್ನಪ್ಪ ಹೇಳುತ್ತಿದ್ದ. ಅಪ್ಪನ ಒಳ್ಳೆಯ ಮಾತುಗಳನ್ನೆಲ್ಲ ಮರೆತು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ದಾಳಿಂಬೆ ಕೊಯ್ಲಿನ ದಿನಗಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಡಿಯ ಮುಂದೆ ಯಾರೋ ಬುಟ್ಟಿ ಇಳಿಸಿದರು.

“ಆಯಾಸ ಆಗದಿರಲಿ ಉಸ್ತಾದ್.”

“ನಿನಗೂ ಆಗದಿರಲಿ. ಯಾರಪ್ಪ?”

“ಅರ್ಘಂದಾಬದ ಸಬರ್ ಗುಲ್. ಹೋದ ವರ್ಷ ನನ್ನ ಹತ್ರಾನೇ ದಾಳಿಂಬೆ ತಗೊಂಡ್ರಲ್ಲ, ಮರೆತ್ರಾ?”

ಮರೆತಿರಲಿಲ್ಲ, ಕಂಡಿರಲಿಲ್ಲ. “ಹುಳಿ ದಾಳಿಂಬೆ ಕೊಟ್ಟೋನನ್ನ ಯಾಕಪ್ಪ ನೆನಪಿಟ್ಕೊಳ್ಳಲಿ?” ಎಂದೆ.

“ಹುಳಿ ಹುಳಿ ಅಂತಾನೇ ಮೂರು ಬುಟ್ಟಿ ಖಾಲಿ ಮಾಡಿದ್ರಲ್ಲ ಉಸ್ತಾದ್! ಸಿಹಿ ಇದ್ದಿದ್ರೆ ನನ್ನ ಮರಾನೇ ಕಿತ್ಕೊಂಡು ಬರ್ತಿದ್ರೇನೋ.”

ಎದುರಿನ ಬಟ್ಟೆಯಂಗಡಿಯ ಹಾಜಿ ತವಕ್ಕಲ್ ಗಹಗಹಿಸಿ ನಕ್ಕ. ಅವನಿಗೆ ವ್ಯಾಪಾರಕ್ಕಿಂತ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಲ ಕಳೆಯುವುದೇ ಹೆಚ್ಚು. ನಾನೂ ನಕ್ಕೆ. ಸಬರ್ ಗುಲ್ ಎದೆಯ ಜೇಬಿನಿಂದ ಒಂದು ಮಗುವಿನ ಟೋಪಿ ತೆಗೆದ. ಅದರ ಮಡಿಕೆಯೊಳಗೆ ಅಶ್ರಫಿ ಇತ್ತು.

“ಮಗಳು ಶಿಂಕೈದು ಮದುವೆ ಉಸ್ತಾದ್, ಇನ್ನು ಹನ್ನೆರಡೇ ದಿನ. ಇದಕ್ಕೊಂದು ಕೊಂಡಿ ಬೇಕು. ಹಣೆಗೆ.”

ಕೈಗೆ ತಗೊಂಡೆ. ತೂಕ ಹಿತವಾಗಿ ಅಂಗೈಯಲ್ಲಿ ಕೂತಿತು. ಬೆರಳ ತುದಿಯಲ್ಲಿ ಅಕ್ಷರಗಳನ್ನು ಸವರಿದೆ, ನಾಲಗೆಗೆ ಮುಟ್ಟಿಸಿದೆ. ಮೊದಲ ದೊರೆಯ ಕಾಲದ್ದು, ಅಪ್ಪಟ. ಒರೆಗಲ್ಲು ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದಕ್ಕೆ ಉಜ್ಜುವುದು ಆ ನಾಣ್ಯಕ್ಕೆ ಅವಮಾನ ಎನ್ನಿಸಿತು. ಎಂಥಾ ಮರ್ಯಾದೆ ನನ್ನದು!

“ಎಲ್ಲಿಂದ ಬಂತೋ ನಿಮಗೆ?” ಎಂದು ಹಾಜಿ ಕೇಳಿದ.

“ನಮ್ಮ ಮುತ್ತಜ್ಜನ ಅಜ್ಜ ದೊರೆ ದಂಡಿನಲ್ಲಿ ಒಂಟೆ ಹೊಡೀತಿದ್ನಂತೆ ಹಾಜಿ. ಹಿಂದೂಸ್ತಾನದಿಂದ ವಾಪಸು ಬರೋವಾಗ ನದಿ ದಾಟೋ ಜಾಗದಲ್ಲಿ ಖಜಾನೆ ಹೊತ್ತಿದ್ದ ಒಂಟೆ ಮುಳುಗ್ತಂತೆ. ಇವನು ಹಾರಿ ಹಗ್ಗ ಹಿಡ್ಕೊಂಡ್ನಂತೆ.”

“ಒಂಟೆ ಬದುಕ್ತಾ?”

“ಒಂಟೆ ಸತ್ತೋಯ್ತು, ಖಜಾನೆ ಬದುಕ್ತು. ಅದ್ರಲ್ಲಿ ಒಂದನ್ನ ದೊರೇನೇ ಕೈಯಾರೆ ಇವನ ಕೈಲಿಟ್ಟನಂತೆ. ನಮ್ಮಮ್ಮ ಹೇಳೋದು. ಈ ಕತೆ ಕೇಳದೆ ನಮ್ಮ ಮನೇಲಿ ಯಾವ ಮಗೂನೂ ನಿದ್ದೆ ಮಾಡಿಲ್ಲ.” ಆಮೇಲೆ ನನ್ನ ಕಡೆ ಬಾಗಿದ. “ಗಂಡಿನ ಕಡೆಯವರಿಗೂ ಹೇಳಿಬಿಟ್ಟಿದೀವಿ ಉಸ್ತಾದ್. ಕೊಡೋಕೆ ನಮ್ಮ ಹತ್ರ ಬೇರೇನಿಲ್ಲ. ದೊರೆ ನಾಣ್ಯ ಹಣೇಲಿ ಇಟ್ಕೊಂಡು ಬರ್ತಾಳೆ ಅಂತ ಅಷ್ಟೇ ಹೇಳಿರೋದು. ಅಮ್ಮ ಇನ್ನೊಂದು ಮಾತು ಹೇಳಿದಾಳೆ. ಸುತ್ತ ಪಟ್ಟಿ ಕಟ್ಟೋದು ಬೇಡ, ಎರಡೂ ಮುಖ ಬಯಲಾಗಿ ಕಾಣ್ಬೇಕು ಅಂತ.”

ಅಲ್ಲಿ ನಾನು ಆಗುವುದಿಲ್ಲ ಎನ್ನಬೇಕಿತ್ತು. ಹಳೆಯ ಅಶ್ರಫಿಯ ಚಿನ್ನ ಮೃದು. ಅದಕ್ಕೆ ಬೆಂಕಿ ತೋರಿಸಬಾರದು, ಸುತ್ತ ಪಟ್ಟಿಯ ಅಂಗಿ ತೊಡಿಸಿ ಕೊಂಡಿಯನ್ನು ಆ ಅಂಗಿಗೆ ಬೆಸೆಯಬೇಕು. ಅಂಚಿಗೇ ಬೆಸೆಯಬಲ್ಲ ಕೈ ನಮ್ಮ ಓಣಿಯಲ್ಲಿ ಒಂದೇ ಇತ್ತು, ಅದು ನನ್ನದು. ಆದರೆ ಆ ಕೆಲಸ ಕೈಯದಲ್ಲ, ಕಣ್ಣಿನದು. ಚಿನ್ನ ಕೆಂಪಾಗಿ, ಆಮೇಲೆ ಮೈಮೇಲೆ ಒಂದು ಸಣ್ಣ ನಡುಕ ಬರುತ್ತದೆ. ಆ ನಡುಕ ಕಂಡ ಕ್ಷಣವೇ ಊದುಕೊಳವೆ ಬಾಯಿಂದ ತೆಗೆಯಬೇಕು.

“ಉಸ್ತಾದರಿಗೆ ಇದೆಲ್ಲ ಎಡಗೈ ಕೆಲಸ ಕಣೋ. ಚಹಾ ಕುಡಿಯೋದ್ರೊಳಗೆ ಮುಗಿಸ್ತಾರೆ ನೋಡು,” ಎಂದ ಹಾಜಿ.

ಮುಗಿಸಿದೆ. ಕೆಂಡದ ಮೇಲೆ ನಾಣ್ಯ ಇಟ್ಟು, ಅಂಚಿಗೆ ಕೊಂಡಿ ಹೊಂದಿಸಿ, ಊದಿದೆ. ಕೆಂಪು ಕಂಡಿತು. ನಡುಕಕ್ಕಾಗಿ ಕಾದೆ. ನನ್ನ ಮಂಜಿನೊಳಗೆ ಅದು ಬರಲಿಲ್ಲ, ಇನ್ನೂ ಊದಿದೆ. ಬಂದಿತ್ತು, ಹೋಗಿತ್ತು. ಕೊಳವೆ ತೆಗೆದು ಇಕ್ಕಳದಲ್ಲಿ ಎತ್ತಿದಾಗ ಅಂಚು ಬೆಣ್ಣೆಯ ಹಾಗೆ ಕುಸಿದಿತ್ತು. ದೊರೆಯ ಹೆಸರಿನ ಅರ್ಧ ಹರಿದು ಒಂದು ಗುಂಡಾಗಿ ನಿಂತಿತ್ತು.

ಹಾಜಿ ಎದ್ದು ಹತ್ತಿರ ಬಂದ. ಚಹಾದವನು ಲೋಟ ಹಿಡಿದೇ ನಿಂತ. ಸಬರ್ ಗುಲ್ ಮಾತ್ರ, “ಏನಾಯ್ತು ಉಸ್ತಾದ್? ಇದು ಆಮೇಲೆ ಸರಿ ಹೋಗುತ್ತಾ?” ಎಂದು ಮಗುವಿನ ಹಾಗೆ ಕೇಳಿದ.

ಆ ಗಳಿಗೆ ಎಷ್ಟು ದೊಡ್ಡದಿತ್ತು ಎಂದು ಈಗಲೂ ಅಳೆಯುತ್ತೇನೆ. ಒಂದು ಉಸಿರು ತೆಗೆದುಕೊಳ್ಳುವಷ್ಟು. ಅಷ್ಟರಲ್ಲಿ ನನ್ನ ಕಣ್ಣಿನ ಸುದ್ದಿ ಓಣಿ ತುಂಬುವುದು, ಗಿರಾಕಿಗಳು ಪಕ್ಕದಂಗಡಿಗೆ ತಿರುಗುವುದು, ಹಾಜಿಯ ಮರುಕ, ಎಲ್ಲ ಕಂಡಿತು. ಬೇರೇನೂ ಕಾಣದ ಕಣ್ಣಿಗೆ ಅದೊಂದು ಚೆನ್ನಾಗಿ ಕಂಡಿತು.

“ಇದು ದೊರೆಯದ್ದಲ್ಲ,” ಎಂದೆ. “ಅಸಲಿ ಅಶ್ರಫಿ ಇಷ್ಟು ಬೆಂಕಿಗೆ ಕರಗಲ್ಲ. ಒಳಗೆ ಹಿತ್ತಾಳೆ ಇದೆ. ಮೇಲೆ ಬರೀ ಚಿನ್ನದ ನೀರಿನ ಮುಲಾಮು. ನಿಮ್ಮ ಅಜ್ಜಂಗೆ ಯಾರೋ ಟೋಪಿ ಹಾಕಿದಾರೆ.”

“ಹಿತ್ತಾಳೇನಾ?”

“ಬೆಂಕಿ ಸುಳ್ಳು ಹೇಳಲ್ಲಪ್ಪ.”

ಸುಳ್ಳು ಹೇಳಿದ್ದು ಬೆಂಕಿಯಲ್ಲ. ಒರೆಗಲ್ಲು ಅಲ್ಲೇ ಇತ್ತು. ಒಮ್ಮೆ ಉಜ್ಜಿ ತೋರಿಸು ಎಂದು ಯಾರಾದರೂ ಕೇಳಿದ್ದರೆ ನಾನು ಮುಗಿದಿದ್ದೆ. ಯಾರೂ ಕೇಳಲಿಲ್ಲ. ಬರ್ಯಾಲೈ ಉಸ್ತಾದ ಹೇಳಿದ ಮೇಲೆ ಕಲ್ಲನ್ನು ಸಾಕ್ಷಿಗೆ ಕರೆಯುವುದು ಅವನ ಮುಖಕ್ಕೆ ಉಗುಳಿದಂತೆ ಎಂದು ಅವರೆಲ್ಲರಿಗೂ ಗೊತ್ತಿತ್ತು. ಅವರ ಮರ್ಯಾದೆಯ ಮರೆಯಲ್ಲಿ ನಾನು ಅಡಗಿ ಕೂತೆ.

ಸಬರ್ ಗುಲ್ ಒಮ್ಮೆಗೇ ನನ್ನ ಕೊರಳಪಟ್ಟಿ ಹಿಡಿದ. “ನಮ್ಮಮ್ಮ ಸುಳ್ಳು ಹೇಳ್ತಾಳಾ? ಏಳು ತಲೆಯಿಂದ ಸುಳ್ಳು ಹೇಳ್ಕೊಂಡು ಬಂದಿದೀವಾ ನಾವು?” ಎಂದು ಅಲುಗಾಡಿಸಿದ. ನನ್ನ ಪೇಟ ಕಳಚಿ ಬೂದಿಯ ಮೇಲೆ ಬಿತ್ತು. ಓಣಿಯಲ್ಲಿ ಜನ ಸೇರಿಬಿಟ್ಟರು. ಪೇಟ ಬಿದ್ದದ್ದನ್ನು ನೋಡಿ ಅವನೇ ಮೊದಲು ಬೆದರಿದ. ಕೈ ಬಿಟ್ಟು ಹಿಂದೆ ಸರಿದ.

“ನಾಣ್ಯ ತಗೊಂಡು ಹೋಗು,” ಎಂದೆ. ಅಷ್ಟಾದರೂ ಎಂದೆ.

“ಹಿತ್ತಾಳೇನ ಯಾವ ಮುಖ ಇಟ್ಕೊಂಡು ಮನೆಗೆ ಒಯ್ಯಲಿ?” ಎಂದವನು ಖಾಲಿ ಟೋಪಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ದಾಳಿಂಬೆಯ ಬುಟ್ಟಿ ಅಲ್ಲೇ ಉಳಿಯಿತು.

ನಾಣ್ಯವನ್ನು ಬೆಸುಗೆಪುಡಿಯ ಡಬ್ಬಿಯ ತಳಕ್ಕೆ ಹಾಕಿದೆ. ರಾತ್ರಿ ಊಟಕ್ಕೆ ಕೂತಾಗ ತೋರ್ಪೆಕೈ ಕೇಳಿದಳು. ಅವಳೂ ಅಕ್ಕಸಾಲಿಗರ ಮನೆಯ ಮಗಳೇ.

“ಒರೆಗೆ ಹಚ್ಚಿ ನೋಡಿದ್ರಾ?”

“ನನಗೆ ಕಸುಬು ಕಲಿಸ್ತೀಯಾ?” ಎಂದು ಗದರಿದೆ. ಅವಳು ರೊಟ್ಟಿ ಮುರಿದು ನನ್ನ ಮುಂದಿಟ್ಟಳು.

ಸುದ್ದಿಗೆ ಕಾಲು ಬೇಕೇ? ಎರಡೇ ದಿನದಲ್ಲಿ ಅರ್ಘಂದಾಬ ಮುಟ್ಟಿತು. ಗಂಡಿನ ಕಡೆಯವರು ಮದುವೆ ಮುರಿಯಲಿಲ್ಲ, ಮಾತು ಕೊಟ್ಟಿದ್ದರು. ಆದರೆ ಶಿಂಕೈ ಬರೀ ಹಣೆಯಲ್ಲಿ ಮೇನೆ ಏರಿದಾಗ ಅವಳ ಅತ್ತೆ ಹೆಂಗಸರ ನಡುವೆ, “ಹಿತ್ತಾಳೆ ಮನೆಯವಳು ಬಂದ್ಲು, ಹುಣಸೆಹಣ್ಣು ತಗೊಂಡ್ ಬನ್ರೇ ತಿಕ್ಕೋಣ,” ಎಂದಳಂತೆ. ಹಾಜಿ ನನ್ನ ಮೆಟ್ಟಿಲ ಮೇಲೆ ಕೂತು ಇದನ್ನು ಹೇಳಿ ನಕ್ಕ. ನಾನೂ ಸ್ವಲ್ಪ ನಕ್ಕೆ. ಆ ನಗುವನ್ನು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ. ಸಂತೆಯಲ್ಲಿ ಸಬರ್ ಗುಲ್‌ನನ್ನು ಜನ ‘ಹಿತ್ತಾಳೆ’ ಎಂದೇ ಕರೆಯತೊಡಗಿದರು. ದಾಳಿಂಬೆ ಕೊಳ್ಳುವವರು ಕೂಡ, “ಒಳಗೆ ಕೆಂಪಿದೆಯೋ, ಬರೀ ಮುಲಾಮೋ?” ಎಂದು ಕೇಳುತ್ತಿದ್ದರಂತೆ.

ಇದೆಲ್ಲ ಒಂದು ತೂಕವಾದರೆ, ಮದುವೆಯಾದ ಮೇಲಿನ ಶುಕ್ರವಾರ ನಡೆದದ್ದು ಇನ್ನೊಂದು ತೂಕ.

ಮಧ್ಯಾಹ್ನದ ನಮಾಜು ಮುಗಿಸಿ ಮನೆಗೆ ಬಂದಿದ್ದೆ. ಬೀದಿಯಲ್ಲಿ ಕುರಿ ಅರಚಿತು. ಬಾಗಿಲು ತೆರೆದರೆ ಹತ್ತು ಹನ್ನೆರಡು ಜನ. ಮುಂದೆ ಇಬ್ಬರು ಬಿಳಿಗಡ್ಡದವರು, ಪಕ್ಕದಲ್ಲಿ ಹಾಜಿ ತವಕ್ಕಲ್. ನಡುವೆ ಸಬರ್ ಗುಲ್, ಬರಿತಲೆಯಲ್ಲಿ, ಪೇಟದ ಬಟ್ಟೆಯನ್ನು ಕುತ್ತಿಗೆಗೆ ಹಗ್ಗದಂತೆ ಸುತ್ತಿಕೊಂಡು. ಅವನ ಹಿಂದೆ ಅವನ ಮುದಿ ತಾಯಿ, ತಲೆಯ ಮೇಲೆ ಬಟ್ಟೆ ಸುತ್ತಿದ ಕುರಾನು.

ನನವಾತೆ ಬಂದಿದ್ದರು. ತಪ್ಪು ಮಾಡಿದವನು ಕುರಿ ಹಿಡಿದು, ಹಿರಿಯರನ್ನು ಕರೆದುಕೊಂಡು, ನೊಂದವನ ಬಾಗಿಲಿಗೆ ಬಂದು ನೆಲಕ್ಕೆ ಬೀಳುತ್ತಾನೆ. ನೊಂದವನು ತೋಳು ಹಿಡಿದು ಎತ್ತಿದರೆ ಮಾಫಿ ಆಯಿತು. ಎತ್ತದೆ ಇರುವ ಹಾಗಿಲ್ಲ. ರಕ್ತ ಹರಿಸಿದವನನ್ನೂ ನಮ್ಮ ಜನ ಹೀಗೆ ಎತ್ತಿದ್ದಾರೆ.

ಸಬರ್ ಗುಲ್ ನನ್ನ ಹೊಸಿಲ ಮುಂದೆ ಮೊಣಕಾಲೂರಿದ. “ಉಸ್ತಾದ್, ನಿಮ್ಮ ಪೇಟಕ್ಕೆ ಕೈ ಹಾಕ್ದೆ. ನಿಮ್ಮ ಒಲೆಗೆ ಹಿತ್ತಾಳೆ ತಂದಿಟ್ಟೆ. ಅದನ್ನ ನೀವು ನೋಡ್ದೆ ಪೋಣಿಸಿಕೊಟ್ಟಿದ್ರೆ ನಿಮ್ಮ ಹೆಸರೇ ಹಾಳಾಗ್ತಿತ್ತು. ಗೊತ್ತಿಲ್ದೆ ಆಯ್ತು. ಮಾಫಿ ಮಾಡಿ.”

ಅವನ ತಾಯಿ ಮುಂದೆ ಬಂದಳು. ಅವಳ ಮುಖ ನನಗೆ ಕಾಣಲಿಲ್ಲ, ದನಿ ಮಾತ್ರ ಒಣಗಿದ ಎಲೆಯ ಹಾಗಿತ್ತು. “ಅವನದ್ದು ಬಿಡು ಮಗನೇ, ತಪ್ಪು ನಂದು. ಆ ನಾಣ್ಯದ ಕತೆ ಹೇಳಿಕೊಟ್ಟೋಳು ನಾನು. ನಮ್ಮತ್ತೆ ಹೇಳಿದ್ದನ್ನ ನಂಬ್ದೆ. ಮುದುಕಿ, ಓದಿಲ್ಲ ಬರೆದಿಲ್ಲ, ಚಿನ್ನ ಯಾವ್ದು ಹಿತ್ತಾಳೆ ಯಾವ್ದು ನನಗೇನು ಗೊತ್ತು. ಮಾಫಿ ಮಾಡು.” ಎಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ಕಣ್ಣೀರು ನನ್ನ ಬೆರಳ ಸಂದಿಯಲ್ಲಿ ಇಳಿಯಿತು. ಮಾತು ಗಂಟಲಿಗೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ, ಬಂದಿತ್ತು. ಹಾಜಿ ನನ್ನ ಬೆನ್ನು ತಟ್ಟಿ, “ಎತ್ತು ಉಸ್ತಾದ್, ಎತ್ತು. ತಾಯಿ ನಿಂತಿದಾಳೆ,” ಎಂದ.

ನಾನು ಎತ್ತಿದೆ. ನನ್ನಿಂದ ಮೋಸ ಹೋದವನನ್ನು, ನನಗೆ ತಪ್ಪು ಮಾಡಿದ್ದಾನೆಂದು ನಾನೇ ಎತ್ತಿ ತಬ್ಬಿ, “ಮಾಫಿ ಮಾಡ್ದೆ,” ಎಂದೆ. ಎಲ್ಲರೂ ಗಡ್ಡ ಸವರಿಕೊಂಡು ಆಮೀನ್ ಎಂದರು. ಕುರಿ ಕೊಯ್ದರು. ನಮ್ಮ ಅಂಗಳದಲ್ಲೇ ಬೆಂದಿತು. ಒಂದೇ ತಟ್ಟೆಯಲ್ಲಿ ಸಬರ್ ಗುಲ್ ಮತ್ತು ನಾನು ಕೈಯಿಟ್ಟೆವು. ಅವನು ಒಳ್ಳೆಯ ಮಾಂಸದ ತುಂಡುಗಳನ್ನು ಹುಡುಕಿ ನನ್ನ ಕಡೆಗೆ ಸರಿಸುತ್ತಿದ್ದ. ನಾನು ತಿಂದೆ. ತೋರ್ಪೆಕೈ ಮಾತ್ರ ಹಸಿವಿಲ್ಲ ಎಂದಳು.

ಚಳಿಗಾಲ ಬಂತು. ನಲವತ್ತು ದಿನದ ಕಡುಚಳಿಯ ನಡುವೆ ಒಬ್ಬ ಗಾಡಿಯವನು ಹುಲ್ಲಿನಲ್ಲಿ ಮುಚ್ಚಿದ ಒಂದು ಬುಟ್ಟಿ ದಾಳಿಂಬೆ ತಂದಿಳಿಸಿದ. ಅರ್ಘಂದಾಬದಿಂದ, ಸಬರ್ ಗುಲ್ ಮನೆಯಿಂದ ಎಂದ. ಒಂದೂ ಕೊಳೆತಿರಲಿಲ್ಲ, ಒಂದೂ ಹುಳಿಯಿರಲಿಲ್ಲ. ಅದನ್ನೂ ತಿಂದೆ. ಇಷ್ಟು ತಿಂದವನಿಗೆ ಅಜೀರ್ಣವಾದರೂ ಆಗಬಾರದಿತ್ತೇ?

ವಸಂತದ ಹೊಸವರ್ಷ ನೌರೋಜ್ ಹತ್ತಿರ ಬಂದಾಗ ನಮ್ಮ ಹೆಂಗಸರು ಮನೆಯ ಧೂಳೆಲ್ಲ ಕೊಡವುತ್ತಾರೆ. ತೋರ್ಪೆಕೈ ಅಂಗಡಿಯ ಡಬ್ಬಿಗಳನ್ನೂ ತರಿಸಿ ತೊಳೆದಳು. ಸಂಜೆ ಚಹಾ ತಂದು ನನ್ನ ಬಲಗೈಗೆ ತಗಲುವ ಹಾಗೆ ಇಟ್ಟಳು. ಅದರ ಪಕ್ಕ ಇನ್ನೇನನ್ನೋ ಇಟ್ಟಳು. ಬೆರಳಿಗೆ ತಣ್ಣನೆಯ ಕಲ್ಲು ಸಿಕ್ಕಿತು. ಒರೆಗಲ್ಲು.

“ಏನಿದು?”

“ಕಣ್ಣ ಹತ್ತಿರ ಹಿಡ್ಕೊಂಡು ನೋಡಿ. ಇನ್ನೂ ಹತ್ತಿರ.”

ಕಪ್ಪು ಕಲ್ಲಿನ ಮೇಲೆ ಒಂದು ಗೆರೆ. ನನ್ನ ಮಂಜಿಗೂ ಕಾಣುವಷ್ಟು ಹಳದಿ. “ಡಬ್ಬಿ ತಳದಲ್ಲಿದ್ದ ನಾಣ್ಯ ಉಜ್ಜಿದ್ದು. ದ್ರಾವಕಾನೂ ಹಾಕಿ ನೋಡಿದೀನಿ,” ಎಂದಳು. “ಮಾಸಲಿಲ್ಲ. ಹಿತ್ತಾಳೆ ಆಗಿದ್ರೆ ಹಸಿರು ನೊರೆ ಬಂದು ಹೋಗ್ತಿತ್ತು.”

ನಾನು ಕಲ್ಲನ್ನು ಕೆಳಗಿಟ್ಟೆ.

“ನಿಮ್ಮ ಕಣ್ಣಿಗೆ ಏನಾಗಿದೆ ಅಂತ ನನಗೆ ಗೊತ್ತಿಲ್ವಾ? ಎರಡು ವರ್ಷದಿಂದ ಚಹಾ ಲೋಟಾನ ನಿಮ್ಮ ಕೈಗೇ ತಗಲೋ ಹಾಗೆ ಇಡ್ತಿದೀನಿ. ಅದು ತಾನಾಗೇ ನಡ್ಕೊಂಡು ಬರುತ್ತೆ ಅಂದ್ಕೊಂಡಿದ್ರಾ? ಹೇಳಲಿ, ಅವರೇ ಹೇಳಲಿ ಅಂತ ಕಾದೆ. ನನಗೆ ಹೇಳಲಿಲ್ಲ, ಹೋಗ್ಲಿ. ಆ ಮುದುಕಿ ತಲೆ ಮೇಲೆ ಕುರಾನ್ ಹೊತ್ಕೊಂಡು ಬಂದಾಗಲೂ ಬಾಯಿ ಬರಲಿಲ್ವಾ ನಿಮಗೆ?”

ನಾನು ಅತ್ತೆ. ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವಳ ಮುಂದೆ ಅತ್ತದ್ದು ಅದೇ ಮೊದಲು. ಅವಳು ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡಿದ್ದರೆ ನಾನು ಮತ್ತೆ ಅಡಗಿಕೊಳ್ಳುತ್ತಿದ್ದೆನೇನೋ. “ಕುರಿಗೆ ಹೇಳಿ ಕಳಿಸಿದೀನಿ, ಬೆಳಿಗ್ಗೆ ಬರುತ್ತೆ,” ಎಂದು ಲೋಟ ಎತ್ತಿಕೊಂಡು ಹೋದಳು.

ನನವಾತೆಗೆ ಒಬ್ಬ ಹಿರಿಯನಾದರೂ ಜೊತೆಗಿರಬೇಕು. ಬೆಳಿಗ್ಗೆ ಹಾಜಿ ತವಕ್ಕಲ್‌ನ ಅಂಗಡಿಯಲ್ಲಿ ಕೂತು ಎಲ್ಲ ಹೇಳಿದೆ. ಅವನು ಬಾಯಿಯ ಹೊಗೆಸೊಪ್ಪು ಉಗುಳಿದ.

“ನಿನ್ನ ಬೆನ್ನು ತಟ್ಟಿ ಎತ್ತು ಎತ್ತು ಅಂದೋನು ನಾನು,” ಎಂದ. “ಆ ಕುರೀನ ನಾನೂ ತಿಂದ್ನಲ್ಲೋ ಬರ್ಯಾಲೈ.” ಉಸ್ತಾದ್ ಎನ್ನಲಿಲ್ಲ. ಅಂಗಡಿಯ ಬಾಗಿಲು ಹಾಕಿ ಚಾದರ ಹೊದ್ದು ಬಂದ.

ಅರ್ಘಂದಾಬದಲ್ಲಿ ದಾಳಿಂಬೆ ಗಿಡಗಳು ಚಿಗುರುತ್ತಿದ್ದವು, ವಾಸನೆಯಿಂದ ಗೊತ್ತಾಯಿತು. ಸಬರ್ ಗುಲ್ ಪಾತಿ ಅಗೆಯುತ್ತಿದ್ದವನು ಗುದ್ದಲಿ ಬಿಟ್ಟು ಓಡಿಬಂದ.

“ಉಸ್ತಾದ್! ನೀವಾ, ನಮ್ಮ ಮನೆಗಾ! ಹಾಜೀನೂ ಬಂದಿದಾರೆ! ಈ ಕುರಿ ಯಾಕೆ ತಂದ್ರಿ? ನಮ್ಮಲ್ಲಿ ಕುರಿ ಇಲ್ವಾ?”

“ಸಬರ್ ಗುಲ್, ನಾನು ಒಂದು ಮಾತು…”

“ಮಾತು ಆಮೇಲೆ. ಮೊದ್ಲು ಕೂತ್ಕೊಳ್ಳಿ.”

ಅವನು ಚಾಪೆ ಹಾಸಿದ, ಬೆನ್ನಿಗೆ ದಿಂಬು ಕೊಟ್ಟ, ಕೈಗೆ ನೀರು ಹೊಯ್ದ. ಬಿಸಿ ರೊಟ್ಟಿ, ಮೊಟ್ಟೆ, ಮಜ್ಜಿಗೆ ಬಂದವು. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ, “ತಿನ್ನಿ ಉಸ್ತಾದ್, ಖಾಲಿ ಹೊಟ್ಟೇಲಿ ಏನ್ ಮಾತು,” ಎಂದು ರೊಟ್ಟಿ ಮುರಿದು ಮುಂದಿಟ್ಟ. ನಮ್ಮಲ್ಲಿ ಅತಿಥಿ ಉಣ್ಣದೆ ಮಾತಾಡುವ ಹಾಗಿಲ್ಲ. ಹೀಗೆ ಅವನ ಅನ್ನ ಇನ್ನೊಮ್ಮೆ ನನ್ನ ಗಂಟಲಲ್ಲಿ ಇಳಿಯಿತು. ಹಾಜಿ ಒಂದು ತುತ್ತನ್ನೂ ಮುಟ್ಟದೆ ನನ್ನನ್ನೇ ನೋಡುತ್ತಿದ್ದನೆಂದು ಕಾಣುತ್ತದೆ.

ಕೊನೆಗೆ ಪೇಟ ಬಿಚ್ಚಿ ಕುತ್ತಿಗೆಗೆ ಸುತ್ತಿಕೊಂಡೆ. ಅವನ ಮುಂದೆ ಮೊಣಕಾಲೂರಿ, ಜೇಬಿನಿಂದ ನಾಣ್ಯವನ್ನೂ ಒರೆಗಲ್ಲನ್ನೂ ತೆಗೆದು ಚಾಪೆಯ ಮೇಲಿಟ್ಟೆ.

“ಇದು ಅಸಲಿ. ಅವತ್ತೂ ನನಗೆ ಗೊತ್ತಿತ್ತು. ಹಾಳು ಮಾಡಿದ್ದು ನಾನು. ಹಿತ್ತಾಳೆ ಅಂದಿದ್ದು ಸುಳ್ಳು.”

ಅವನು ಹೊಡೆಯಲಿ ಎಂದು ಕಾದೆ.

“ಯಾಕೆ ಉಸ್ತಾದ್?” ಎಂದು ಕೇಳಿದ.

“ನನಗೆ ಕಣ್ಣು ಕಾಣಲ್ಲ. ಬೆಂಕಿಯ ಹದ ಕಾಣಲಿಲ್ಲ. ಜನಕ್ಕೆ ಗೊತ್ತಾದ್ರೆ ಅಂತ…”

“ಕಣ್ಣಾ?” ಎಂದ. ನಂಬಲಾಗದವನ ಹಾಗೆ ಮತ್ತೆ, “ಇಷ್ಟಕ್ಕೇನಾ? ಕಣ್ಣಿಗಾ?” ಎಂದ. “ಅವತ್ತೇ ಒಂದು ಮಾತು ಹೇಳಿದ್ರೆ ನಾನೇ ನಿಮ್ಮ ಕೈ ಹಿಡ್ಕೊಂಡು ಮನೆ ತನಕ ಬಿಟ್ಟು ಬರ್ತಿದ್ದೆನಲ್ಲ ಉಸ್ತಾದ್. ಒಂದು ಅಂಚು ತಾನೇ ಕರಗಿದ್ದು. ಕರಗಿದ್ದನ್ನೇ ಮಗಳ ಹಣೆಗೆ ಕಟ್ತಿದ್ವಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಹಣೆಯನ್ನು ಚಾಪೆಗೆ ಹಚ್ಚಿದೆ. ಬಹಳ ಹೊತ್ತಿನ ಮೇಲೆ ಅವನ ಕೈಗಳು ನನ್ನ ತೋಳನ್ನು ಹಿಡಿದವು. ಎತ್ತಿದ. ತಬ್ಬಲಿಲ್ಲ, ಎತ್ತಿದ ಅಷ್ಟೇ.

“ಬಾಗಿಲಿಗೆ ಬಂದಿದೀರಿ. ನನ್ನ ಪಾಲಿನ ಮಾಫಿ ಕೊಟ್ಟೆ,” ಎಂದ. “ಶಿಂಕೈ ಮನೆಗೆ ಹೋಗೋಣ ಬನ್ನಿ. ಅಲ್ಲಿ ಇದೇ ಮಾತನ್ನ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಯಾರೂ ನಂಬಲ್ಲ.”

“ನಿನ್ನ ತಾಯಿಗೂ ಹೇಳ್ಬೇಕು. ಕರಿ ಅವಳನ್ನ.”

“ಅಮ್ಮ ಚಳಿಗಾಲದಲ್ಲಿ ಹೋದ್ಲು ಉಸ್ತಾದ್. ದಾಳಿಂಬೆ ಕಳಿಸಿದ್ವಲ್ಲ, ಅದಾಗಿ ನಾಲ್ಕನೇ ದಿನ. ಒಳ್ಳೊಳ್ಳೇದನ್ನ ಅವಳೇ ಆರಿಸಿ ಇಟ್ಟಿದ್ಲು. ಆ ಉಸ್ತಾದ ದೊಡ್ಡ ಮನಸ್ಸು ಮಾಡಿ ನಿನ್ನ ಎತ್ತಿದ, ಅವನ್ನ ಮರೀಬೇಡ ಅಂತ.” ಚಾಪೆಯ ಮೇಲಿನ ನಾಣ್ಯ ಎತ್ತಿಕೊಂಡ. “ಮಕ್ಕಳಿಗೆ ಆಮೇಲೆ ಆ ಒಂಟೆ ಕತೆ ಹೇಳ್ಲಿಲ್ಲ. ಕೇಳಿದ್ರೆ, ಸುಳ್ಳು ಕತೆ ಮಲಗ್ರೋ ಅಂತಿದ್ಲು.”

ಶಿಂಕೈಯ ಮನೆ ಕಾಲುವೆಯ ಆಚೆ ದಡದಲ್ಲಿತ್ತು. ದಾಟಲು ಒಂದು ಹಿಪ್ಪುನೇರಳೆ ದಿಮ್ಮಿ. ಅದು ಎಲ್ಲಿದೆಯೆಂದು ನಾನು ಕಾಲಲ್ಲಿ ತಡಕುತ್ತ ನಿಂತೆ. ಮುಂದೆ ಹೋಗಿದ್ದ ಸಬರ್ ಗುಲ್ ವಾಪಸು ಬಂದು ನನ್ನ ಕೈ ಹಿಡಿದುಕೊಂಡ. “ಇಲ್ಲಿ ಗಂಟಿದೆ, ಕಾಲೆತ್ತಿ. ಇಲ್ಲಿ ಜಾರುತ್ತೆ,” ಎನ್ನುತ್ತ ದಾಟಿಸಿದ. ಅವನ ಅಂಗೈ ಒರಟಾಗಿ ಬೆಚ್ಚಗಿತ್ತು.

ಆ ಮನೆಯ ಅಂಗಳದಲ್ಲಿ ಗಂಡಸರ ಮುಂದೆ, ಪರದೆಯ ಹಿಂದಿನ ಹೆಂಗಸರಿಗೂ ಕೇಳುವ ಹಾಗೆ, ಎಲ್ಲ ಹೇಳಿದೆ. ಕಣ್ಣಿನದ್ದೂ ಹೇಳಿದೆ. ಒರೆಗಲ್ಲು ಕೈಯಿಂದ ಕೈಗೆ ಹೋಯಿತು. ಪರದೆಯ ಹಿಂದೆ ಶಿಂಕೈಯ ಅತ್ತೆ, “ನನ್ನ ನಾಲಗೆಗೆ ಬೆಂಕಿ ಹಾಕ, ಬಾರೇ ಮಗಳೇ ಇಲ್ಲಿ,” ಎಂದದ್ದು ಕೇಳಿಸಿತು. ನಾಣ್ಯವನ್ನು ಒಳಗೆ ಕಳಿಸಿದೆವು. ಬಳೆಗಳ ಸದ್ದಾಯಿತು, ಹಣೆಗೆ ಹಿಡಿದು ನೋಡುತ್ತಿದ್ದರೇನೋ. ಆಮೇಲೆ ಒಂದು ಎಳೆಯ ದನಿ, ಶಿಂಕೈಯದ್ದು.

“ಕಾಕಾ, ಇದನ್ನ ಅಜ್ಜಿ ಇದ್ದಾಗ ಹೇಳ್ಬೇಕಿತ್ತು.”

ಅಷ್ಟೇ ಹೇಳಿದಳು. ಸಿಟ್ಟೂ ಇರಲಿಲ್ಲ. ನಾನು ಹೌದು ಎಂದೆ.

ವಾಪಸು ಬರುವಾಗ ಗೋರಿ ಎಲ್ಲಿದೆ ಎಂದು ಕೇಳಿದೆ. ಸಬರ್ ಗುಲ್ ಗುಡ್ಡದ ಏರಿನಲ್ಲಿ ಕೈ ಹಿಡಿದೇ ನಡೆಸಿದ. ಹಾಜಿ ಕೆಳಗೇ ಉಳಿದ. ಹಸಿ ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಚಪ್ಪಟೆ ಕಲ್ಲು, ಕೋಲಿಗೆ ಕಟ್ಟಿದ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಪೇಟವನ್ನು ಕುತ್ತಿಗೆಗೆ ಸುತ್ತಿಕೊಂಡು ಮೊಣಕಾಲೂರಿದೆ. ಕತೆ ನಿಜವಿತ್ತು ತಾಯಿ, ನಿನ್ನ ಅತ್ತೆ ಸುಳ್ಳು ಹೇಳಿರಲಿಲ್ಲ, ಸುಳ್ಳು ನನ್ನದು ಎಂದು ಗಟ್ಟಿಯಾಗಿ ಹೇಳಿದೆ. ಹೇಳಿದ ಮೇಲೆ ನನವಾತೆಯ ಕ್ರಮದಂತೆ ತಲೆ ತಗ್ಗಿಸಿ ಕಾದೆ.

ಸಬರ್ ಗುಲ್ ಪಕ್ಕದಲ್ಲೇ ನಿಂತಿದ್ದ. ಅವನು ಎತ್ತಲಿಲ್ಲ. ತನ್ನ ಪಾಲಿನದ್ದನ್ನು ಅವನು ಕೊಟ್ಟಾಗಿತ್ತು, ಇದು ಅವನದ್ದಾಗಿರಲಿಲ್ಲ. ಮೊಣಕಾಲಿಗೆ ಮಣ್ಣಿನ ತಂಪು ಏರತೊಡಗಿತು. ಕೊನೆಗೆ ನಾನೇ ನೆಲಕ್ಕೆ ಕೈಯೂರಿ ಎದ್ದೆ.